ಹೋಗಿ ಬರುವ ದೋಣಿ: ಚಿಖಲಿ ಷೆಡ್ಡಿನಲ್ಲಿ ಐದು ತಿಂಗಳು

ಜನವರಿ

ವಾಸ್ಕೋದಿಂದ ಕಾರವಾರಕ್ಕೆ ಸಮುದ್ರದ ದಾರಿ ಸುಮಾರು 40 ನಾಟಿಕಲ್ ಮೈಲಿ. ಐದು ನಾಟ್, ಅಂದರೆ ಗಂಟೆಗೆ ಐದು ನಾಟಿಕಲ್ ಮೈಲಿ, ವೇಗ ಸಿಕ್ಕರೆ ಎಂಟು ಗಂಟೆ. ನಸುಕಿನಲ್ಲಿ ಹೊರಟರೆ ಮಧ್ಯಾಹ್ನದ ಊಟಕ್ಕೆ ಸೋದರಮಾವನ ಮನೆ ಸೇರಬಹುದು. ಭಾನುವಾರ ದೋನಾ ಪಾವುಲದ ಎದುರಿನ ಕೊಲ್ಲಿಯಲ್ಲಿ ಗೆಳೆಯರ ದೋಣಿಗಳ ಜೊತೆ ಪಂದ್ಯ, ರಜೆ ಬಂದರೆ ಕಾರವಾರ. ಈ ಎರಡಕ್ಕೂ ಒದಗುವ ಒಂದೇ ಫೈಬರ್‌ಗ್ಲಾಸ್ ಹಾಯಿದೋಣಿಗಾಗಿ ಎರಡು ವರ್ಷದಿಂದ ನಕ್ಷೆ ಬರೆಯುತ್ತಿದ್ದೆ, ಅಳಿಸುತ್ತಿದ್ದೆ. ಈ ತಿಂಗಳು ಚಿಖಲಿಯಲ್ಲಿ, ಜುವಾರಿ ನದಿಗೆ ಹತ್ತಿರ, ತಗಡಿನ ಷೆಡ್ ಒಂದು ಬಾಡಿಗೆಗೆ ಸಿಕ್ಕಿತು. ಇನ್ನು ಅಳಿಸುವಂತಿಲ್ಲ.

ಮಾವ ಜೀವಮಾನವಿಡೀ ಮೀನು ಹಿಡಿದವರು. ನಕ್ಷೆ ಬಿಚ್ಚಿ ತೋರಿಸಿದಾಗ ದೋಣಿಯ ಅಂದದ ಮಾತೆತ್ತಲಿಲ್ಲ. “ಇಲ್ಲಿಗೆ ಬರುವಾಗ ಸರಿ ತಮ್ಮಾ, ಗಾಳಿ ಬೆನ್ನಿಗಿರುತ್ತದೆ. ತಿರುಗಿ ಹೋಗುವಾಗ ಅದೇ ಗಾಳಿ ಮುಖಕ್ಕೆ ಹೊಡೆಯುತ್ತದೆ. ಆಗ ನಿನ್ನ ದೋಣಿ ಏನು ಮಾಡುತ್ತದೆ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಇಡೀ ನಕ್ಷೆಯನ್ನು ಮತ್ತೆ ಬರೆದೆ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಕಳೆದ ಮೇಲೆ ಗಾಳಿಗೊಂದು ದಿನಚರಿಯಿದೆ. ಇರುಳು ಮತ್ತು ಬೆಳಗ್ಗೆ ನೆಲದ ಕಡೆಯಿಂದ ಮೆಲ್ಲನೆ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದಿಂದ ಏಳುತ್ತದೆ. ಕಾರವಾರದಿಂದ ನೋಡಿದರೆ ಗೋವಾ ಇರುವುದು ಹೆಚ್ಚುಕಡಿಮೆ ಅದೇ ವಾಯವ್ಯದಲ್ಲಿ. ಆದ್ದರಿಂದ ತಿರುಗಿ ಬರುವವನು ನಸುಕಿನ ನೆಲಗಾಳಿಯನ್ನು ಹಿಡಿದು, ದಡವನ್ನು ಬಿಡದೆ, ಆದಷ್ಟು ಉತ್ತರಕ್ಕೆ ಏರಬೇಕು. ಬಿಸಿಲೇರಿ ಗಾಳಿ ತಿರುಗಿದ ಮೇಲೆ ಎದುರುಗಾಳಿಗೆ ಓರೆಯಾಗಿ, ಒಮ್ಮೆ ಕಡಲಿಗೆ ಒಮ್ಮೆ ದಡಕ್ಕೆ ಎಂದು ಹೊರಳುತ್ತ ಬರಬೇಕು. ಮೆಲುಗಾಳಿಯಲ್ಲಿ ನಡೆಯಲು ದೋಣಿ ಹಗುರವಾಗಿರಬೇಕು. ಎದುರುಗಾಳಿಗೆ ಏರಲು ಕೀಲ್, ಅಂದರೆ ತಳದಿಂದ ನೀರಿನೊಳಗೆ ಇಳಿಯುವ ಭಾರದ ರೆಕ್ಕೆ, ಆಳವಾಗಿಯೂ ಭಾರವಾಗಿಯೂ ಇರಬೇಕು. ಪಂದ್ಯದ ದೋಣಿ ಕೇಳುವುದೂ ಇದನ್ನೇ. ಪಂದ್ಯಕ್ಕೂ ಪ್ರಯಾಣಕ್ಕೂ ಬೇಕಾದದ್ದು ಬೇರೆ ಬೇರೆ ಎಂದು ಇಷ್ಟು ದಿನ ನಂಬಿದ್ದೆ. ನಮ್ಮ ಈ ಕಡಲಲ್ಲಿ ಮನೆಗೆ ತಿರುಗುವ ದಾರಿಯೇ ಎರಡನ್ನೂ ಒಂದು ಮಾಡುತ್ತದೆ.

ನಕ್ಷೆ ನಿಂತ ಅಳತೆಗಳು ಹೀಗಿವೆ: ಉದ್ದ 7.5 ಮೀಟರ್, ನೀರಿನ ರೇಖೆಯಲ್ಲಿ 6.5 ಮೀಟರ್, ಕೀಲ್‌ನ ತುದಿಯವರೆಗೆ ಆಳ 1.3 ಮೀಟರ್. ಖಾಲಿ ದೋಣಿಯ ತೂಕ 1700 ಕಿಲೋ, ಅದರಲ್ಲಿ ಕೀಲ್ 640. ಹಾಯಿ 30 ಚದರ ಮೀಟರ್. ಹಾಯಿಯ ವಿಸ್ತೀರ್ಣವನ್ನು, ದೋಣಿ ಪಕ್ಕಕ್ಕೆ ತಳ್ಳುವ ನೀರಿನ ಗಾತ್ರದ 2/3ನೆಯ ಘಾತದಿಂದ ಭಾಗಿಸುವ ಒಂದು ಹಳೆಯ ಲೆಕ್ಕವಿದೆ. ಉತ್ತರ 20 ದಾಟಿದರೆ ಪಂದ್ಯದ ದೋಣಿ, 16ರ ಆಸುಪಾಸಿದ್ದರೆ ಸಮಾಧಾನದ ಪ್ರಯಾಣದ ದೋಣಿ. ನನ್ನದು ಖಾಲಿಯಿದ್ದಾಗ 21.4. ಇಬ್ಬರು ಜನ, ನೀರು, ಲಂಗರು, ಸರಪಳಿ, ಒಲೆ, ಎಂಜಿನ್, ಹಾಸಿಗೆ ಎಲ್ಲ ಏರಿ 2150 ಕಿಲೋ ಆದಾಗ 18.3. ಭಾರ ಹೊತ್ತೂ ಚುರುಕು ಉಳಿಯುತ್ತದೆ. ನೀರಿನ ರೇಖೆಯ ಉದ್ದ ಹೇಳುವ ವೇಗದ ಮಿತಿ 6.2 ನಾಟ್. ಕಾರವಾರಕ್ಕೆ ಅದು ಸಾಕು.

ಅಗಲಕ್ಕಾಗಿ ತುಂಬ ಹೆಣಗಿದೆ. ಮೊದಲು 2.6 ಮೀಟರ್ ಇಟ್ಟಿದ್ದೆ. ಒಳಗೆ ಕಾಲು ಚಾಚಿ ಮಲಗುವಷ್ಟು ಜಾಗ, ಹಾಯಿ ಬಿಗಿದಾಗ ಬಾಗದೆ ನಿಲ್ಲುವ ಗುಣ. ಆದರೆ 1979ರ ಫಾಸ್ಟ್‌ನೆಟ್ ಪಂದ್ಯದ ಬಿರುಗಾಳಿಯಲ್ಲಿ 15 ಮಂದಿ ಸ್ಪರ್ಧಿಗಳು ಸತ್ತ ಮೇಲೆ ಅಮೆರಿಕದಲ್ಲಿ ಒಂದು ಸರಳ ಸೂತ್ರ ಬಳಕೆಗೆ ಬಂತು. ಅಡಿಗಳಲ್ಲಿ ಅಗಲವನ್ನು, ಘನ ಅಡಿಗಳಲ್ಲಿ ತಳ್ಳಿದ ನೀರಿನ ಘನಮೂಲದಿಂದ ಭಾಗಿಸಬೇಕು. ಉತ್ತರ 2ಕ್ಕಿಂತ ಕಡಿಮೆ ಬರಬೇಕು. ಅಗಲವಾದ ಹಗುರ ದೋಣಿ ಮಗುಚಿದರೆ ಮಗುಚಿದಂತೆಯೇ ನಿಂತುಬಿಡುವ ಅಪಾಯವನ್ನು ಇದು ತೋರಿಸುತ್ತದೆ. ನನ್ನ ದೋಣಿ ಭಾರ ತುಂಬಿದಾಗಲೂ 2.03 ಆಗುತ್ತಿತ್ತು. ಕೀಲ್‌ನ ತೂಕ ಎಷ್ಟು ಕೆಳಗಿದೆ ಎಂಬುದನ್ನು ಈ ಸೂತ್ರ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅದೇ ಕೊನೆಯ ಮಾತಲ್ಲ. ಆದರೂ ಅಗಲವನ್ನು 2.45ಕ್ಕೆ ಇಳಿಸಿದೆ, ಉತ್ತರ 1.91ಕ್ಕೆ ಬಂತು. ಮಲಗುವ ಹಲಗೆಗಳು ತಲಾ ಏಳು ಸೆಂಟಿಮೀಟರ್ ಕಿರಿದಾದವು. ಹೆಂಡತಿಯನ್ನೂ ಮಕ್ಕಳನ್ನೂ ಕರೆದೊಯ್ಯುವ ದೋಣಿಯಿದು. ಇದರಲ್ಲಿ ನನಗೆ ಎರಡನೆಯ ಯೋಚನೆ ಬರಲಿಲ್ಲ.

ಫೆಬ್ರವರಿ

ಮುಂಬೈಯಲ್ಲಿ ಕೆಲಸದಲ್ಲಿದ್ದ ಒಂದು ಚಳಿಗಾಲ ಅಲ್ಲಿನ ಬಂದರಿನಲ್ಲಿ ಜೆ/24 ದೋಣಿಯ ಮೇಲೆ ಹಗ್ಗ ಎಳೆಯಲು ಕಲಿತೆ. ರಾಡ್ ಜಾನ್‌ಸ್ಟನ್ 1970ರ ದಶಕದಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ದೋಣಿಯಿಂದ ಹುಟ್ಟಿದ ಮಾದರಿ ಅದು. ಮುಂದೆ ಐದು ಸಾವಿರಕ್ಕೂ ಹೆಚ್ಚು ತಯಾರಾದವು. 7.3 ಮೀಟರ್ ಉದ್ದ, 1400 ಕಿಲೋ. ಒಳಗೆ ತಲೆ ತಗ್ಗಿಸಿ ಕೂರಬೇಕು, ಆದರೂ ನಾಲ್ವರು ಮಲಗಬಹುದು. ಫೈಬರ್‌ಗ್ಲಾಸ್ ಸ್ಯಾಂಡ್‌ವಿಚ್ ಎಂದರೇನೆಂದು ನಾನು ಮೊದಲು ಕಂಡದ್ದೂ ಅದರಲ್ಲಿಯೇ: ಎರಡು ತೆಳು ಗಾಜಿನ ಪದರ, ನಡುವೆ ಬಾಲ್ಸಾ ಮರದ ತಿರುಳು. ಅದೇ ಪ್ರಮಾಣದ ಗಾಜನ್ನು ಎರಡಾಗಿ ಸೀಳಿ, ನಡುವೆ ತಿರುಳಿಟ್ಟು ಒಟ್ಟು ದಪ್ಪವನ್ನು ಎರಡು ಪಟ್ಟು ಮಾಡಿದರೆ ಬಿಗಿತ ಸುಮಾರು ಏಳು ಪಟ್ಟಾಗುತ್ತದೆ; ನಾಲ್ಕು ಪಟ್ಟು ಮಾಡಿದರೆ 37 ಪಟ್ಟು. ತೂಕ ಏರುವುದು ತಿರುಳಿನಷ್ಟೇ. ಆದರೆ ಒಂದು ಸ್ಕ್ರೂವಿನ ತೂತಿನಿಂದ ನೀರಿಳಿದರೂ ಬಾಲ್ಸಾ ಕೊಳೆಯುತ್ತದೆ. ವರ್ಷಕ್ಕೆ ನಾಲ್ಕು ತಿಂಗಳು ಮಳೆ ಸುರಿಯುವ ಊರಿನಲ್ಲಿ ಅದು ಬೇಡವೆಂದು 15 ಮಿಲಿಮೀಟರ್ ಪಿವಿಸಿ ಫೋಮ್ ತರಿಸಿದೆ.

“ಥರ್ಮಾಕೋಲ್ ಇಷ್ಟು ಅಗ್ಗವಿರುವಾಗ ಇದೇಕೆ?” ಎಂದು ಹಲವರು ಕೇಳಿದರು. ಬಂದವರ ಎದುರಿಗೇ ಥರ್ಮಾಕೋಲ್ ತುಂಡಿನ ಮೇಲೆ ಗಾಜಿನ ಬಟ್ಟೆಯನ್ನು ನೆನೆಸುವ ಅಂಟುದ್ರವವಾದ ಪಾಲಿಯೆಸ್ಟರ್ ರೆಸಿನ್ ಒಂದು ಚಮಚ ಹಾಕಿದೆ. ಸಕ್ಕರೆಯ ಮೇಲೆ ಬಿಸಿನೀರು ಬಿದ್ದಂತೆ ಅದು ಒಳಕ್ಕೆ ಕರಗಿ, ನೋಡುತ್ತಿದ್ದಂತೆ ಗುಳಿಯಾಯಿತು. ರೆಸಿನ್‌ನಲ್ಲಿರುವ ಸ್ಟೈರೀನ್ ಅದನ್ನು ತಿಂದುಹಾಕುತ್ತದೆ. ಪಿವಿಸಿ ಫೋಮ್ ಅಲುಗಾಡದೆ ಕುಳಿತಿತ್ತು.

ಜುವಾರಿನಗರದಲ್ಲಿರುವ ಬಾಗಲಕೋಟೆ ಕಡೆಯ ಮೇಸ್ತ್ರಿಯೊಬ್ಬರು ಕೆಲಸಕ್ಕೆ ಒಪ್ಪಿದ್ದಾರೆ. ಇಪ್ಪತ್ತು ವರ್ಷದಿಂದ ಮೀನುದೋಣಿಗಳಿಗೆ ಫೈಬರ್ ಹೊದಿಸಿದ ಕೈ. ದೋಣಿಗೆ ಕೈ ಹಚ್ಚುವ ಮೊದಲು ಅರ್ಧ ಚದರ ಮೀಟರಿನ ಮೂರು ಹಲಗೆಗಳನ್ನು ಮಾಡೋಣ, ಪ್ರತಿಯೊಂದನ್ನೂ ತೂಗೋಣ ಎಂದೆ. ನನ್ನ ಲೆಕ್ಕದಲ್ಲಿ ಹೊರಪದರದ ಒಂದು ಹಲಗೆ 1.55 ಕಿಲೋ ಬರಬೇಕು. ಮೊದಲನೆಯದು 1.95 ಬಂತು.

“ರೆಸಿನ್ ಹೊಟ್ಟೆ ತುಂಬ ಕುಡಿಸಿದರೆ ತಾನೇ ಸರ್ ಗಟ್ಟಿ?” ಎಂದರು ಮೇಸ್ತ್ರಿ. ಬಂಡೆಗೂ ಮರಳಿಗೂ ಉಜ್ಜುವ ಮೀನುದೋಣಿಗೆ ಅವರ ಮಾತಿನಲ್ಲಿ ಅನುಭವದ ಅರ್ಥವಿದೆ. ಆದರೆ ಬಲ ಇರುವುದು ಗಾಜಿನ ನೂಲಿನಲ್ಲಿ. ರೆಸಿನ್‌ನ ಕೆಲಸ ನೂಲನ್ನು ಹಿಡಿದಿಡುವುದು. ಮಿಕ್ಕಿದ ರೆಸಿನ್ ಭಾರವಾಗುತ್ತದೆ, ಬಾಗಿದರೆ ಬಿರಿಯುತ್ತದೆ. ಆ ಹಲಗೆಯನ್ನೂ ಕಡಿಮೆ ರೆಸಿನ್‌ನ ಎರಡನೆಯ ಹಲಗೆಯನ್ನೂ ಇಟ್ಟಿಗೆಗಳ ಮೇಲಿಟ್ಟು ನಡುವೆ ಕಾಲಿಟ್ಟು ತೋರಿಸಿದೆ. ಮೇಸ್ತ್ರಿ ಎರಡನ್ನೂ ತಿರುವಿ ನೋಡಿ ಏನೂ ಹೇಳಲಿಲ್ಲ. ಮರುದಿನ ಮನೆಯಿಂದ ತಮ್ಮದೇ ಅಗಲದ ರಬ್ಬರ್ ಪಟ್ಟಿಯೊಂದನ್ನು ತಂದು, ಮಿಕ್ಕ ರೆಸಿನ್ ಹಿಂಡಿ ತೆಗೆಯುತ್ತ ಮೂರನೆಯ ಹಲಗೆ ಮಾಡಿದರು. 1.6 ಕಿಲೋ. ಹೊರಮೈಯ 24 ಚದರ ಮೀಟರಿಗೆ ಈ ವ್ಯತ್ಯಾಸ ಸುಮಾರು 17 ಕಿಲೋ. ಅಷ್ಟೂ ತೂಕ ಕೀಲ್‌ಗಿಂತ ಮೇಲೆ, ಒಡಲಿನಲ್ಲೇ ಇರುತ್ತಿತ್ತು.

ಮಾರ್ಚ್

ಬೋರಲಾಗಿ ನಿಲ್ಲಿಸಿದ ಮರದ ಅಡ್ಡಪಟ್ಟಿಗಳ ಮೇಲೆ ಫೋಮ್ ಪಟ್ಟಿಗಳನ್ನು ಕಟ್ಟಿ, ಹೊರಪದರ ಹೊದಿಸಿದೆವು. ನೀರಿಗೆ ತಾಗುವ ಕಡೆಯೆಲ್ಲ ವಿನೈಲೆಸ್ಟರ್ ರೆಸಿನ್. ಪಾಲಿಯೆಸ್ಟರ್‌ಗಿಂತ ದುಬಾರಿ, ಆದರೆ ವರ್ಷಗಟ್ಟಲೆ ನೀರಿನಲ್ಲಿ ನಿಂತರೂ ಬೊಬ್ಬೆಗಳೇಳುವ ಭಯ ಕಡಿಮೆ. ಕೆಲಸ ಬೆಳಿಗ್ಗೆ ಆರರಿಂದ ಹತ್ತರವರೆಗೆ ಮಾತ್ರ. ತಗಡು ಕಾದ ಮೇಲೆ ಹಾರ್ಡನರ್ ಬೆರೆಸಿದ ಬಕೆಟ್ ಹತ್ತು ಹನ್ನೆರಡು ನಿಮಿಷಕ್ಕೇ ಬೆಲ್ಲದ ಪಾಕದಂತೆ ಎಳೆ ಬಿಡುತ್ತದೆ, ಆಮೇಲೆ ಹೊಗೆಯಾಡುತ್ತದೆ. ಹಾರ್ಡನರ್ ಬಾಟಲಿಯನ್ನೂ, ರೆಸಿನ್ ಬೇಗ ಗಟ್ಟಿಯಾಗಲು ಬೆರೆಸುವ ಕೋಬಾಲ್ಟ್ ಬಾಟಲಿಯನ್ನೂ ಷೆಡ್ಡಿನ ಎರಡು ತುದಿಗಳಲ್ಲಿಟ್ಟಿದ್ದೇನೆ. ಅವೆರಡು ನೇರವಾಗಿ ಬೆರೆತರೆ ಸಿಡಿಯುತ್ತವೆ. ಮನೆಯಲ್ಲಿ ಈ ಕೆಲಸ ಮಾಡುವವರು ಇದೊಂದನ್ನು ದಯವಿಟ್ಟು ಮರೆಯಬಾರದು.

ನನಗೆ ತುಂಬ ಇಷ್ಟವಾದದ್ದು ಬಟ್ಟೆ ನೆನೆಯುವ ಗಳಿಗೆ. ಗಾಜಿನ ಬಟ್ಟೆ ಒಣಗಿದ್ದಾಗ ಮಲ್ಲಿಗೆಯಷ್ಟು ಬಿಳಿ. ರೋಲರ್ ಹಾಯಿಸುತ್ತ ಹೋದಂತೆ ಬಿಳುಪು ಅಂಚಿನಿಂದ ಮಾಯವಾಗುತ್ತ, ಅಡಿಯ ಫೋಮ್‌ನ ಬಣ್ಣ ಮೇಲೇಳುತ್ತದೆ. ಎಲ್ಲಿ ಬಿಳಿ ಚುಕ್ಕಿ ಉಳಿಯಿತೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದು ಅರ್ಥ. ಮೇಸ್ತ್ರಿ ಕಣ್ಣು ಬಟ್ಟೆಗೆ ತಾಗುವಷ್ಟು ಬಗ್ಗಿ ಒಂದೊಂದು ಚುಕ್ಕಿಯನ್ನೂ ಹಲ್ಲಿನ ರೋಲರ್‌ನಿಂದ ಅಂಚಿಗೆ ಓಡಿಸುತ್ತಾರೆ.

ಕೀಲ್ ಕೂರುವ ನಡುಪಟ್ಟಿಯಲ್ಲಿ ಮಾತ್ರ ಫೋಮ್ ಇಲ್ಲ. ಅಲ್ಲಿ ಪದರದ ಮೇಲೆ ಪದರ, ಪೂರ್ತಿ ಗಾಜು. 2014ರಲ್ಲಿ ಅಟ್ಲಾಂಟಿಕ್‌ನಲ್ಲಿ ‘ಚೀಕಿ ರಫೀಕಿ’ ಎಂಬ ದೋಣಿಯ ಕೀಲ್ ಕಳಚಿಹೋಗಿ ನಾಲ್ವರು ಕಾಣೆಯಾದರು. ಹಿಂದೆ ನೆಲ ತಾಗಿದಾಗಿನ ಪೆಟ್ಟುಗಳು ಕಣ್ಣಿಗೆ ಕಾಣದಂತೆ ಒಳಗಿನ ಅಂಟಿನ ಹಿಡಿತವನ್ನು ಬಿಡಿಸಿದ್ದಿರಬಹುದು ಎಂದು ತನಿಖೆ ಹೇಳಿತು. ನಮ್ಮ ಅಳಿವೆಗಳಲ್ಲಿ ಹಲವು ಮರಳದಿಬ್ಬದವು. ಮಾಂಡವಿ, ಕಾಳಿ ಎರಡರ ಬಾಯಲ್ಲೂ ಮರಳು ಜಾಗ ಬದಲಿಸುತ್ತಿರುತ್ತದೆ; ಈ ದೋಣಿ ಒಂದಲ್ಲ ಒಂದು ದಿನ ನೆಲ ತಾಗಿಯೇ ತಾಗುತ್ತದೆ. ಆದ್ದರಿಂದ ಕೀಲ್‌ನ ಮೇಲೆ ಬರುವ ಅಡ್ಡ ತೊಲೆಗಳನ್ನು ಅಂಟಿಸಿ ಬಿಡದೆ, ಎರಡೂ ಮಗ್ಗುಲಿಗೆ ಗಾಜಿನ ಬಟ್ಟೆ ಹತ್ತಿಸಿ ಹೊಲಿದಂತೆ ಸೇರಿಸುತ್ತೇವೆ. ಅವುಗಳ ಮೇಲೆ ನೆಲಹಲಗೆ ಸ್ಕ್ರೂ ಇಲ್ಲದೆ ಎತ್ತುವಂತಿರುತ್ತದೆ. ಪ್ರತಿ ಸಲ ನೆಲ ತಾಗಿದ ಮೇಲೆ ಟಾರ್ಚ್ ಹಿಡಿದು ಮೂಲೆಗಳನ್ನು ನೋಡಬೇಕು. ನೋಡಲಾಗದಂತೆ ಮುಚ್ಚಿದ ಅಂದದ ನೆಲ ನನಗೆ ಬೇಡ.

ಏಪ್ರಿಲ್

ಎರಡು ಚೈನ್ ಬ್ಲಾಕ್, ಹನ್ನೊಂದು ಜನ. ದೋಣಿಯನ್ನು ಮಗುಚಿ ಬಾಯಿ ಮೇಲೆ ಮಾಡಿದೆವು. ಒಳಪದರ ಒಂಬತ್ತು ದಿನದಲ್ಲಿ ಮುಗಿಯಿತು.

ಒಳಗಿನ ವಿನ್ಯಾಸದಲ್ಲಿ ಒಂದು ಬದಲಾವಣೆ. ಅಡಿಗೆಯ ಭಾಗವನ್ನು ದೋಣಿಗೆ ಕಟ್ಟುತ್ತಿಲ್ಲ. ಒಲೆ, ಪಾತ್ರೆ, ಸಾಮಾನು ಎಲ್ಲ 14 ಕಿಲೋದ ಒಂದು ಪ್ಲೈವುಡ್ ಪೆಟ್ಟಿಗೆಯಲ್ಲಿ. ಕಾರವಾರಕ್ಕೆ ಹೋಗುವಾಗ ಒಳಗೆ, ಪಂದ್ಯದ ಭಾನುವಾರ ಮನೆಯಲ್ಲಿ. 40 ಲೀಟರ್ ನೀರು ಎರಡು ಚೀಲಗಳಲ್ಲಿ ಕೀಲ್‌ನ ಪಕ್ಕದಲ್ಲೇ, ಮಲಗುವ ಹಲಗೆಗಳ ಕೆಳಗೆ. ಲಂಗರಿನ ಸರಪಳಿಯನ್ನೂ ಮೂತಿಯಿಂದ ಹಿಂದಕ್ಕೆ, ಹಾಯಿಕಂಬದ ಬುಡಕ್ಕೆ ತಂದಿದ್ದೇನೆ. ಮೂತಿಯಲ್ಲಿ ಭಾರವಿದ್ದರೆ ಎದುರಲೆಗೆ ದೋಣಿ ಕುದುರೆಯಂತೆ ತಲೆ ಒಗೆಯುತ್ತದೆ, ಪ್ರತಿ ಒಗೆತಕ್ಕೂ ವೇಗ ಸಾಯುತ್ತದೆ. ತಿರುಗಿ ಬರುವ ದಾರಿಯಲ್ಲಿ ಅದು ಗಂಟೆಗಳ ಮಾತು.

ಮೇ

ತೂಗಿದೆವು. ಬರೀ ಒಡಲು, ಕ್ರೇನ್ ತಕ್ಕಡಿಯಲ್ಲಿ: 207 ಕಿಲೋ. ನಕ್ಷೆಯ ಲೆಕ್ಕ 190. ಹದಿನೇಳು ಕಿಲೋ ಹೆಚ್ಚು. ಖಾಲಿಯಾದ ಡಬ್ಬಗಳನ್ನು ಎಣಿಸಿದಾಗ ಅರ್ಧಕ್ಕಿಂತ ಹೆಚ್ಚು ಪುಟ್ಟಿಯಲ್ಲೇ ಹೋಗಿದೆ ಎಂದು ತಿಳಿಯಿತು. ಮೂತಿಯ ಹತ್ತಿರ ಫೋಮ್ ಪಟ್ಟಿಗಳನ್ನು ಸಮ ಕೂರಿಸಲು ನಾನು ತೋರಿದ ಅವಸರವನ್ನು ಪುಟ್ಟಿ ತುಂಬಿಸಿಕೊಟ್ಟಿದೆ. ಉಳಿದದ್ದು ಒಳಮೂಲೆಗಳಲ್ಲಿ ನಿಂತ ರೆಸಿನ್. ನಿಜ ಹೇಳಬೇಕೆಂದರೆ ಆ ಸಂಜೆ ಮನಸ್ಸು ಕುಗ್ಗಿತು. ಮೇಸ್ತ್ರಿಯವರಿಗೆ ಹೇಳಿದಾಗ, “ಡೆಕ್‌ನಲ್ಲಿ ತೆಗೆಯೋಣ ಸರ್, ಈಗ ಕೈಗೆ ಹದ ಗೊತ್ತಾಗಿದೆ” ಎಂದರು. ತೂಕ ಉಳಿಸಿದರೆ ಅತಿ ಹೆಚ್ಚು ಲಾಭ ಕೊಡುವ ಜಾಗವೂ ಡೆಕ್ಕೇ, ಎತ್ತರದಲ್ಲಿರುವುದರಿಂದ.

ನಿನ್ನೆ ಮಧ್ಯಾಹ್ನ ಅವರು ಒಂದು ರೂಪಾಯಿ ನಾಣ್ಯ ಹಿಡಿದು ಒಡಲನ್ನು ಮೂತಿಯಿಂದ ಹಿಂದಿನವರೆಗೆ ಗೇಣು ಗೇಣಿಗೆ ತಟ್ಟುತ್ತ ಬಂದರು. ಟಕ್, ಟಕ್, ಟಕ್ ಎಂದು ಒಂದೇ ಸಮನೆ ಬರುತ್ತಿದ್ದ ಸದ್ದು ಬಲಮಗ್ಗುಲಿನಲ್ಲಿ, ನೀರಿನ ರೇಖೆಗಿಂತ ಸ್ವಲ್ಪ ಮೇಲೆ, ಒಮ್ಮೆಲೇ ಮಂಕಾಯಿತು. ಅಲ್ಲಿ ಫೋಮ್‌ಗೆ ಗಾಜು ಹಿಡಿದಿಲ್ಲ. ಅಂಗೈಯಷ್ಟು ಜಾಗ. ಬಿಳಿ ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದರು. ಇಂದು ಬೆಳಿಗ್ಗೆ ಅಲ್ಲಿ ಎರಡು ಸಣ್ಣ ತೂತು ಕೊರೆದು, ಒಂದರಿಂದ ಸಿರಿಂಜಿನಲ್ಲಿ ರೆಸಿನ್ ತುಂಬಿದೆವು, ಇನ್ನೊಂದರಿಂದ ಅದು ಹೊರಗೆ ಬರುವವರೆಗೆ. ನಾಳೆ ಮತ್ತೆ ತಟ್ಟಿ ನೋಡಬೇಕು.

ಕೀಲ್‌ನ ಮರದ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಸಿದ್ಧವಾಗಿದೆ. ಎರಕದ ಕಬ್ಬಿಣ ತಣಿಯುವಾಗ ಕುಗ್ಗುವುದರಿಂದ ಎಲ್ಲ ಅಳತೆಯನ್ನೂ ನೂರಕ್ಕೆ ಒಂದರಷ್ಟು ಹಿಗ್ಗಿಸಿದ್ದೇವೆ. ಸೋಮವಾರ ಅದು ಬೆಳಗಾವಿಯ ಎರಕದ ಕಾರ್ಖಾನೆಗೆ ಹೋಗುತ್ತದೆ. ಘಟ್ಟದಲ್ಲಿ ಮಳೆ ಹಿಡಿಯುವ ಮೊದಲು 640 ಕಿಲೋ ಕಬ್ಬಿಣ ಕೆಳಗಿಳಿದು ಷೆಡ್ ಸೇರಬೇಕು.