ಮರದ ಮಣಿಗಳ ಸೈಕ್ಲೋಹೆಕ್ಸೇನ್: ಮೂರನೆಯ ವಾರ

ಆರು ಕಾರ್ಬನ್‌ಗಳು ಉಂಗುರವಾಗಿ ಕೂಡಿಕೊಂಡ ಅಣು ಸೈಕ್ಲೋಹೆಕ್ಸೇನ್; ಅದರ ಮಾದರಿಯನ್ನು ಮರದ ಮಣಿಗಳಲ್ಲಿ ಕಟ್ಟುತ್ತಿದ್ದೇನೆ. ಕಳೆದ ವಾರ ಉಂಗುರವೇನೋ ನಿಂತಿತ್ತು, ಆದರೆ ಮಗುಚುತ್ತಿರಲಿಲ್ಲ. ಅಗರಬತ್ತಿಯ ಬಿದಿರು ಕಡ್ಡಿಗಳನ್ನು ಮಣಿಗಳ ತೂತಿಗೆ ಅಂಟಿಸಿದ್ದೇ ತಪ್ಪಾಗಿತ್ತು. ಭಾನುವಾರ ಕೂತು ಅಂಟನ್ನೆಲ್ಲ ಕೆರೆದು ತೆಗೆದೆ. ಕಡ್ಡಿಯ ತುದಿಗೆ ಮೇಣ ಸವರಿ ಮತ್ತೆ ಸಿಕ್ಕಿಸಿದೆ. ಈಗ ಕಡ್ಡಿ ತೂತಿನೊಳಗೆ ಸಲೀಸಾಗಿ ತಿರುಗುತ್ತದೆ. ಉಂಗುರದ ಒಂದು ತುದಿ ಮೇಲೆದ್ದು ಎದುರಿನ ತುದಿ ತಗ್ಗಿದ ಆಕಾರಕ್ಕೆ ‘ಕುರ್ಚಿ’ ಎಂದು ಹೆಸರು. ಆ ಮೇಲೆದ್ದ ತುದಿಯನ್ನು ಕೆಳಕ್ಕೂ ತಗ್ಗಿದ ತುದಿಯನ್ನು ಮೇಲಕ್ಕೂ ಒತ್ತಿದರೆ ಕಡ್ಡಿಗಳು ಒಂದಿಷ್ಟು ಬಾಗಿ, ಟಕ್ಕೆಂದು ಇನ್ನೊಂದು ಕುರ್ಚಿ ಆಗುತ್ತದೆ. ಮೊದಲ ಸಲ ಆ ಸದ್ದು ಕೇಳಿದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಕೋಣೆಯ ತಾಪದಲ್ಲಿ ನಿಜವಾದ ಅಣು ಸೆಕೆಂಡಿಗೆ ಸುಮಾರು ಒಂದು ಲಕ್ಷ ಸಲ ಹೀಗೆ ಮಗುಚಿಕೊಳ್ಳುತ್ತದೆ.

ಅಳತೆ ಹೀಗಿದೆ: 1 ಆಂಗ್‌ಸ್ಟ್ರಾಮ್‌ಗೆ (ಸೆಂಟಿಮೀಟರಿನ ಹತ್ತು ಕೋಟಿಯಲ್ಲಿ ಒಂದು ಪಾಲು) 3 ಸೆಂ.ಮೀ. ಕಾರ್ಬನ್‌ನಿಂದ ಕಾರ್ಬನ್‌ಗೆ 4.6 ಸೆಂ.ಮೀ., ಕಾರ್ಬನ್‌ನಿಂದ ಹೈಡ್ರೋಜನ್‌ಗೆ 3.3 ಸೆಂ.ಮೀ. ತೂತುಗಳ ನಡುವಿನ ಕೋನ 109.5 ಡಿಗ್ರಿ, ಅದಕ್ಕೆ ರಟ್ಟಿನ ಅಚ್ಚೊಂದನ್ನು ಕತ್ತರಿಸಿಕೊಂಡಿದ್ದೇನೆ. ಕಾರ್ಬನ್ ಕಪ್ಪು ಮಣಿ, ಹೈಡ್ರೋಜನ್ ಬಿಳಿ. ಮೀಥೈಲ್ ಗುಂಪಿಗೆ (ಒಂದು ಕಾರ್ಬನ್, ಮೂರು ಹೈಡ್ರೋಜನ್) ಸದ್ಯಕ್ಕೆ ಒಂದೇ ಕೆಂಪು ಮಣಿ.

ಇನ್ನು ನನ್ನನ್ನು ಎರಡು ದಿನ ಹಿಡಿದಿಟ್ಟ ವಿಷಯ. ಉಂಗುರಕ್ಕೆ ಎರಡು ಮೀಥೈಲ್ ಸೇರಿದ ಡೈಮೀಥೈಲ್‌ಸೈಕ್ಲೋಹೆಕ್ಸೇನ್‌ನ ಮೂರು ಜೋಡಿಗಳನ್ನು ಕಟ್ಟುತ್ತಿದ್ದೇನೆ: 1,2; 1,3; 1,4. ಮೀಥೈಲ್‌ಗಳು ಉಂಗುರದ ಎಷ್ಟನೆಯ ಕಾರ್ಬನ್‌ಗಳ ಮೇಲಿವೆ ಎಂಬುದೇ ಈ ಅಂಕಿ. ಪ್ರತಿಯೊಂದರಲ್ಲೂ ಸಿಸ್, ಟ್ರಾನ್ಸ್ ಎಂದು ಎರಡು ಸಮಾಂಗಿಗಳು, ಅಂದರೆ ಅವೇ ಪರಮಾಣುಗಳು ಬೇರೆ ಜೋಡಣೆಯಲ್ಲಿರುವ ರೂಪಗಳು. ಎರಡು ಮೀಥೈಲ್‌ಗಳು ಉಂಗುರದ ಒಂದೇ ಮಗ್ಗುಲಿಗಿದ್ದರೆ ಸಿಸ್, ಎದುರು ಮಗ್ಗುಲಿಗಿದ್ದರೆ ಟ್ರಾನ್ಸ್. ದೂರ ಇರುವವು ಹೆಚ್ಚು ನೆಮ್ಮದಿಯಾಗಿರುತ್ತವೆ, ಆದ್ದರಿಂದ ಟ್ರಾನ್ಸ್ ಯಾವಾಗಲೂ ಹೆಚ್ಚು ಸ್ಥಿರ ಎಂಬ ಮಾತು ಕಾಲೇಜಿನ ದಿನಗಳಿಂದ ತಲೆಯಲ್ಲಿ ಕೂತಿತ್ತು. ಮೂರೂ ಟ್ರಾನ್ಸ್ ಮಾದರಿಗಳಿಗೆ ‘ಸ್ಥಿರ’ ಎಂದು ಚೀಟಿ ಕೂಡ ಅಂಟಿಸಿದ್ದೆ.

ಅಂಟು ಹಾಕಿದ್ದ ಕಾಲದಲ್ಲಿ 1,3-ಸಿಸ್ ಮಾದರಿಯ ಎರಡು ಕೆಂಪು ಮಣಿಗಳೂ ಕಂಬಗಳ ಹಾಗೆ ನೆಟ್ಟಗೆ ಮೇಲಕ್ಕೆ ನಿಂತಿದ್ದವು. ಇದೇ ಆಕ್ಸಿಯಲ್ ಸ್ಥಾನ. ಸ್ಕೇಲು ಹಿಡಿದರೆ ಎರಡರ ನಡುವೆ 7.5 ಸೆಂ.ಮೀ. ಎರಡು ಮೀಥೈಲ್‌ಗಳು ಒಂದನ್ನೊಂದು ತಳ್ಳದೆ ಇರಲು ನನ್ನ ಅಳತೆಯಲ್ಲಿ ಸುಮಾರು 12 ಸೆಂ.ಮೀ. ಬೇಕು. ಇಷ್ಟು ಇಕ್ಕಟ್ಟಿದ್ದ ಮೇಲೆ ಸಿಸ್ ಅಸ್ಥಿರವೇ ಸರಿ ಎಂದು ತೀರ್ಮಾನಿಸಿದ್ದೆ. ಈಗ ಅದೇ ಮಾದರಿಯನ್ನು ಮಗುಚಿದೆ. ಎರಡೂ ಕೆಂಪು ಮಣಿಗಳು ಒಟ್ಟಿಗೇ ಉಂಗುರದ ಹೊರಗೆ, ಪಕ್ಕಕ್ಕೆ ಚಾಚಿಕೊಂಡವು. ಇಕ್ವಟೋರಿಯಲ್ ಸ್ಥಾನ, ಸುತ್ತ ಬೇಕಾದಷ್ಟು ಜಾಗ. ಆಮೇಲೆ 1,3-ಟ್ರಾನ್ಸ್ ತೆಗೆದುಕೊಂಡೆ. ಹತ್ತು ಸಲ ಮಗುಚಿದರೂ ಒಂದು ಮಣಿ ಹೊರಕ್ಕೆ ಬಂದರೆ ಇನ್ನೊಂದು ಕಂಬವಾಗುತ್ತದೆ. ಅದಕ್ಕೆ ಬಿಡುಗಡೆಯೇ ಇಲ್ಲ.

ಲೆಕ್ಕವೂ ಇದನ್ನೇ ಹೇಳುತ್ತದೆ. ಆಕ್ಸಿಯಲ್ ಮೀಥೈಲ್ ತನ್ನದೇ ಮಗ್ಗುಲಿನ ಎರಡು ಆಕ್ಸಿಯಲ್ ಹೈಡ್ರೋಜನ್‌ಗಳಿಗೆ ತಾಗುತ್ತದೆ. ಒಂದೊಂದು ತಾಗುವಿಕೆಗೆ ಮೋಲ್‌ಗೆ ಸುಮಾರು 3.8 ಕಿಲೋಜೂಲ್ ಹೆಚ್ಚುವರಿ ಶಕ್ತಿ (ಇದು ಹೆಚ್ಚಿದಷ್ಟೂ ಅಸ್ಥಿರ) ಹಿಡಿದರೆ 1,3-ಟ್ರಾನ್ಸ್‌ಗೆ 7.6, ಸಿಸ್‌ಗೆ ಸೊನ್ನೆ. 1,4ರಲ್ಲಿ ಇದೇ ಅಂಕಿ, ಆದರೆ ಗೆಲ್ಲುವುದು ಟ್ರಾನ್ಸ್. 1,2ರಲ್ಲೂ ಟ್ರಾನ್ಸ್‌ದೇ ಮೇಲುಗೈ. ಅಲ್ಲಿ ಅಕ್ಕಪಕ್ಕದ ಮೀಥೈಲ್‌ಗಳೇ ಒಂದಕ್ಕೊಂದು ತಾಗುವುದರಿಂದ ಟ್ರಾನ್ಸ್‌ಗೆ 3.8, ಸಿಸ್‌ಗೆ 11.4. ಪ್ರಯೋಗದಲ್ಲಿ ಅಳೆದ ವ್ಯತ್ಯಾಸ ಮೂರೂ ಜೋಡಿಗಳಲ್ಲಿ 8ರ ಆಸುಪಾಸಿನಲ್ಲಿದೆ. ಮಣಿ ಎಣಿಸಿ ಮಾಡಿದ ಲೆಕ್ಕ ಇಷ್ಟು ಹತ್ತಿರ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಈ 1,3 ಜೋಡಿ ದೊಡ್ಡ ರಸಾಯನಶಾಸ್ತ್ರಜ್ಞರನ್ನೂ ದಾರಿ ತಪ್ಪಿಸಿದೆ. ಸಿಸ್ ಸಮಾಂಗಿಯ ಕುದಿಬಿಂದು, ಸಾಂದ್ರತೆಗಳು ಹೆಚ್ಚಿರುತ್ತವೆ ಎಂಬ ಔವರ್ಸ್–ಸ್ಕಿಟಾ ನಿಯಮವನ್ನು ನಂಬಿ, 124.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುವುದನ್ನು ಸಿಸ್ ಎಂದೂ 120.1ರಲ್ಲಿ ಕುದಿಯುವುದನ್ನು ಟ್ರಾನ್ಸ್ ಎಂದೂ ಕರೆಯುತ್ತಿದ್ದರು. 1947ರಲ್ಲಿ ಪಿಟ್ಜರ್ ಮತ್ತು ಬೆಕೆಟ್ ಆ ಹೆಸರುಗಳನ್ನು ಅದಲುಬದಲು ಮಾಡಿದರು. ನಿಜಕ್ಕೂ ಕಡಿಮೆ ತಾಪದಲ್ಲಿ ಕುದಿಯುವುದೇ ಸಿಸ್.

ಅದಕ್ಕೂ ಹಿಂದಿನ ಹೆಸರೊಂದು ಈ ಕೆಲಸದುದ್ದಕ್ಕೂ ನೆನಪಾಗುತ್ತಿದೆ. 1890ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಹೆರ್ಮನ್ ಸಾಕ್ಸೆ ಈ ಉಂಗುರ ಚಪ್ಪಟೆಯಲ್ಲ ಎಂದು ಬರೆದು, ಕಾಗದ ಮಡಚಿ ಅದರ ರೂಪಗಳನ್ನು ಮಾಡಿನೋಡುವ ವಿಧಾನವನ್ನೂ ಕೊಟ್ಟಿದ್ದ. ಯಾರೂ ಕಿವಿಗೊಡಲಿಲ್ಲ, 1893ರಲ್ಲಿ ಆತ ತೀರಿಕೊಂಡ. ಅದೇ ಕುರ್ಚಿಯನ್ನು ಗಟ್ಟಿಯಾಗಿ ನೆಲೆಗೊಳಿಸಿದ ಹಾಸೆಲ್ ಮತ್ತು ಬಾರ್ಟನ್‌ಗೆ ನೊಬೆಲ್ ಸಿಕ್ಕಿದ್ದು 1969ರಲ್ಲಿ. ಆ ಕಾಗದವನ್ನು ಯಾರಾದರೂ ಮಡಚಿ ನೋಡಬೇಕಿತ್ತು ಎಂದು ನನಗೆ ಸಂಕಟವಾಗುತ್ತದೆ.

1,3ರ ಚೀಟಿಯನ್ನು ಕಿತ್ತು ಸಿಸ್ ಮಾದರಿಗೆ ಅಂಟಿಸಿದ್ದಾಯಿತು. ಮುಂದಿನದು ಪುದೀನಕ್ಕೆ ತಂಪು ಕೊಡುವ ಮೆಂಥಾಲ್. ಅದರಲ್ಲಿ ಮೀಥೈಲ್, ಐಸೋಪ್ರೊಪೈಲ್, ಹೈಡ್ರಾಕ್ಸಿಲ್ ಎಂಬ ಮೂರೂ ಗುಂಪುಗಳು ಇಕ್ವಟೋರಿಯಲ್ ಆಗಿ ಕೂರುತ್ತವೆ. ಈ ಸಲ ಎಲ್ಲ ಕಾರ್ಬನ್‌ಗಳನ್ನೂ ಬಿಡಿಬಿಡಿಯಾಗಿ ಕಟ್ಟುತ್ತೇನೆ. ಹತ್ತು ಕಪ್ಪು ಮಣಿ ಬೇಕು, ಕೊರೆದು ಮುಗಿದದ್ದು ಆರು.