ಇದನ್ನ ಹೊಚ್ಕೊಳ್ಳಾವ್ರು ಯಾರು?

ಶನಿವಾರದಿಂದ ಅತ್ತೆಯ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ.

ಇಲ್ಲಿ ಅಮೆರಿಕದ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ, ನಮ್ಮ ಮನೆ ಹತ್ತಿರವೇ ಒಂದು ಕಲಾ ಪ್ರದರ್ಶನ ಇತ್ತು. ಒಂದು ಗೋಡೆಯ ಮೇಲೆ ಕೌದಿ ತೂಗುಹಾಕಿದ್ದರು. ಇಲ್ಲಿಯವರು ಕ್ವಿಲ್ಟ್ ಅನ್ನುತ್ತಾರೆ, ಅತ್ತೆಗೆ ಅದು ಕೌದಿಯೇ. ತೀರಿಹೋದ ಮಗನ ಅಂಗಿಗಳನ್ನು ಕತ್ತರಿಸಿ ತಾಯಿಯೊಬ್ಬಳು ಹೊಲಿದದ್ದಂತೆ. ಒಂದು ತುಂಡಿನಲ್ಲಿ ಅಂಗಿಯ ಜೇಬು ಹಾಗೇ ಉಳಿದಿತ್ತು, ಗುಂಡಿ ಸಮೇತ. ಅತ್ತೆ ಆ ಜೇಬಿನ ಕಡೆ ಕೈ ಚಾಚಿದರು. ಅಲ್ಲಿ ನಿಂತಿದ್ದ ಹುಡುಗಿ ಓಡಿ ಬಂದು ಮುಟ್ಟಬೇಡಿ ಅಂದಳು. ಮರ್ಯಾದೆಯಿಂದಲೇ ಅಂದಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅತ್ತೆ ಕೈ ಹಿಂದೆ ತೆಗೆದುಕೊಂಡು ನನ್ನ ಕಡೆ ತಿರುಗಿದರು. "ಹಂಗಾದ್ರ ಇದನ್ನ ಹೊಚ್ಕೊಳ್ಳಾವ್ರು ಯಾರು?"

ನಾನು ಬಾಯಿ ತೆಗೆಯುವ ಮೊದಲೇ ಜೊತೆಗೆ ಬಂದಿದ್ದ ಸ್ನೇಹಿತ, "ಆಂಟಿ, ಇದು ಆರ್ಟ್. ಹೊದೆಯೋಕಲ್ಲ, ನೋಡೋಕೆ" ಅಂದ. ಒಳ್ಳೆಯವನೇ ಅವನು, ಕಷ್ಟಕ್ಕಾಗುವವನು. ಆದರೆ ಮ್ಯೂಸಿಯಂ ವಿಷಯ ಬಂತೆಂದರೆ ಎದುರಿಗಿರುವವರಿಗೆ ಏನೂ ಗೊತ್ತಿಲ್ಲ ಅಂತಲೇ ಮಾತು ಶುರು ಮಾಡುತ್ತಾನೆ. ಅತ್ತೆ ಧಾರವಾಡದ ಕಡೆಯವರು. ಹಳೇ ಸೀರೆಗಳಿಂದ ಎಷ್ಟು ಕೌದಿ ಹೊಲಿದಿದ್ದಾರೋ ಲೆಕ್ಕವೇ ಇಲ್ಲ, ಬೆರಳ ತುದಿ ಗಟ್ಟಿಯಾಗಿಬಿಟ್ಟಿದೆ. ಅವರು ಇವನ ಮಾತಿಗೆ ಉತ್ತರ ಕೊಡಲಿಲ್ಲ. ಕೌದಿಯನ್ನೇ ನೋಡುತ್ತಾ ನನ್ನ ಕಿವಿಯಲ್ಲಿ, "ಈ ಕಡೆ ಹೊಲಿಗಿ ಸಣ್ಣ ಅದಾವ, ಆ ಕಡೆ ದೊಡ್ಡು ಬಿದ್ದಾವ ನೋಡು. ಅಳಕೋತ ಹೊಲದಾಳ" ಅಂದರು. ಪಕ್ಕದ ಕಾರ್ಡಿನಲ್ಲಿ ಉದ್ದ, ಅಗಲ, ಬಟ್ಟೆ, ವರ್ಷ ಎಲ್ಲ ಇತ್ತು. ಇದು ಇರಲಿಲ್ಲ.

"ಹೊಚ್ಕೊಳ್ಳಾವ್ರು ಯಾರು" ಅನ್ನುವ ಪ್ರಶ್ನೆಗಾಗಿಯೇ ಎರಡು ಪುಸ್ತಕ ಬರೆದ ತತ್ವಜ್ಞಾನಿಯೊಬ್ಬರು ಇದೇ ಊರಿನಲ್ಲಿ ಪಾಠ ಹೇಳುತ್ತಿದ್ದರು. ನಿಕೋಲಸ್ ವೋಲ್ಟರ್‌ಸ್ಟಾರ್ಫ್. 1932ರಲ್ಲಿ ಮಿನೆಸೋಟದ ಒಂದು ಪುಟ್ಟ ಊರಿನಲ್ಲಿ, ಡಚ್ ಮೂಲದ ಮನೆಯಲ್ಲಿ ಹುಟ್ಟಿದವರು. ಅಪ್ಪ ಮರಗೆಲಸ ಮಾಡುತ್ತಿದ್ದರು, ಬಿಡುವಾದಾಗ ಪೆನ್ನು ಶಾಯಿಯಲ್ಲಿ ಚಿತ್ರ ಬರೆಯುತ್ತಿದ್ದರು. ಮಗ ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಮಾಡಿ, ಇಲ್ಲಿನ ಕ್ಯಾಲ್ವಿನ್ ಕಾಲೇಜಿನಲ್ಲಿ ಮೂವತ್ತು ವರ್ಷ ಕಲಿಸಿ, ಆಮೇಲೆ ಯೇಲ್‌ಗೆ ಹೋದರು. ಊರಿನವರು ಅನ್ನುವ ಕಾರಣಕ್ಕೇ ನಾನು ಹಿಂದೆ ಅವರ 'ಆರ್ಟ್ ಇನ್ ಆ್ಯಕ್ಷನ್' ಓದಿದ್ದೆ. 1980ರ ಪುಸ್ತಕ. ಶನಿವಾರ ರಾತ್ರಿ ಮತ್ತೆ ತೆಗೆದೆ.

ಅವರ ವಾದ ಸರಳ. ಮನುಷ್ಯರು ಹಾಡು, ಚಿತ್ರ, ಕಟ್ಟಡ ಎಲ್ಲವನ್ನೂ ಏನೋ ಒಂದು ಮಾಡುವುದಕ್ಕಾಗಿ ಇಟ್ಟುಕೊಂಡಿದ್ದಾರೆ. ದೇವರನ್ನು ಹೊಗಳೋಕೆ, ಮೈ ಬಗ್ಗಿಸಿ ದುಡಿಯುವಾಗ ದಣಿವು ಮರೆಯೋಕೆ, ಸತ್ತವರನ್ನು ನೆನೆಯೋಕೆ. ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಈ ಲೆಕ್ಕ ಬದಲಾಯಿತು. ಕೈಕಟ್ಟಿ ನಿಂತು, ಬೇರೆ ಯಾವ ಉದ್ದೇಶವೂ ಇಲ್ಲದೆ ಸುಮ್ನೆ ನೋಡುವುದೇ ಕಲೆಯ ಜೊತೆಗಿನ ದೊಡ್ಡ ಸಂಬಂಧ ಅಂತಾಯಿತು. ಉಳಿದದ್ದೆಲ್ಲ ಕೀಳಾಯಿತು. ಕಲೆಯಿಂದಲೇ ಮುಕ್ತಿ, ಕಲಾವಿದನೇ ದೇವರು ಅನ್ನುವ ಮಾತೂ ಜೊತೆಗೆ ಬೆಳೆಯಿತು. ಕ್ರೈಸ್ತರಾಗಿ ವೋಲ್ಟರ್‌ಸ್ಟಾರ್ಫ್ ಅದನ್ನು ಒಪ್ಪಲಿಲ್ಲ. ಅವರಿಗೆ ಕಲಾವಿದ ಮಣ್ಣಿನ ಮನುಷ್ಯ, ಮರ ಕಲ್ಲು ಬಣ್ಣಗಳ ಜೊತೆ ಗುದ್ದಾಡುವವನು, ಸುತ್ತಲಿನವರಿಗೂ ದೇವರಿಗೂ ಉತ್ತರ ಹೇಳಬೇಕಾದವನು. ನಾನು ಕ್ರೈಸ್ತಳಲ್ಲ, ಆದರೂ ಈ ಮಾತು ಓದುವಾಗ ಮನಸ್ಸು ಹೌದು ಹೌದು ಅನ್ನುತ್ತಿತ್ತು. ಎಂಬತ್ತು ದಾಟಿದ ಮೇಲೆ, 2015ರಲ್ಲಿ, ಅದೇ ವಾದವನ್ನು ಮತ್ತೆ ಕೈಗೆತ್ತಿಕೊಂಡು 'ಆರ್ಟ್ ರೀಥಾಟ್' ಬರೆದರು. ಅದರಲ್ಲಿ ಸ್ಮಾರಕಗಳು ಬರುತ್ತವೆ, ಭಕ್ತರು ಮುತ್ತಿಡುವ ಸಂತರ ಪಟಗಳು ಬರುತ್ತವೆ, ದುಡಿಮೆಯ ಹಾಡುಗಳು ಬರುತ್ತವೆ, ಅನ್ಯಾಯದ ವಿರುದ್ಧ ಸಿಡಿದ ಕೃತಿಗಳು ಬರುತ್ತವೆ. ಮುಟ್ಟಬೇಕಾದ ಕಲೆ, ಅಳಬೇಕಾದ ಕಲೆ. ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದಲ್ಲಿ ಕಪ್ಪು ಕಲ್ಲಿನ ಮೇಲೆ ಕೆತ್ತಿದ, ಯುದ್ಧದಲ್ಲಿ ಸತ್ತವರ ಹೆಸರಿಗೆ ಕಾಗದ ಒತ್ತಿ, ಪೆನ್ಸಿಲ್ ಉಜ್ಜಿ, ಮಗನ ಹೆಸರನ್ನು ಮನೆಗೆ ಒಯ್ಯುತ್ತಾರಲ್ಲ, ಅವರನ್ನು ಯಾರಾದರೂ 'ಸುಮ್ನೆ ನೋಡಿ' ಅನ್ನುತ್ತಾರಾ?

ವೋಲ್ಟರ್‌ಸ್ಟಾರ್ಫ್‌ಗೂ ಇಂಥ ದಿನ ಬಂತು. 1983ರ ಜೂನ್‌ನಲ್ಲಿ ಮಗ ಎರಿಕ್ ಆಸ್ಟ್ರಿಯಾದಲ್ಲಿ ಬೆಟ್ಟ ಹತ್ತುವಾಗ ಬಿದ್ದು ತೀರಿಕೊಂಡ. ಇಪ್ಪತ್ತೈದು ವರ್ಷ. ಆಮೇಲೆ ಬರೆದ 'ಲ್ಯಾಮೆಂಟ್ ಫಾರ್ ಎ ಸನ್' 1987ರಲ್ಲಿ ಬಂತು. ಅದರಲ್ಲಿ ವಾದವಿಲ್ಲ, ಚೂರು ಚೂರು ಬರಹ, ನಡುವೆ ಖಾಲಿ ಜಾಗ. ದೇವರು ಯಾಕೆ ಹೀಗೆ ಮಾಡಿದ ಅನ್ನುವುದಕ್ಕೆ ಉತ್ತರ ಕೊಡಲು ಅವರು ಹೋಗಲೇ ಇಲ್ಲ. ದೊಡ್ಡ ತತ್ವಜ್ಞಾನಿ, ಏನಾದರೂ ಕಟ್ಟಿ ಹೇಳಬಹುದಿತ್ತು ಅಲ್ವಾ? ಸಮಾಧಾನ ಹೇಳಲು ಬರುವವರಿಗೆ ಅವರು ಕೇಳುವುದು ಇಷ್ಟೇ: ಅಷ್ಟೇನೂ ಕೆಟ್ಟದಾಗಿಲ್ಲ ಅನ್ನಬೇಡಿ, ಬಂದು ಪಕ್ಕದಲ್ಲಿ ಕೂತುಕೊಳ್ಳಿ. ಆ ಪುಸ್ತಕವನ್ನು ಇವತ್ತಿಗೂ ಮಕ್ಕಳನ್ನು ಕಳೆದುಕೊಂಡವರ ಕೈಗೆ ಜನ ಕೊಡುತ್ತಾರೆ. ಹೊದೆಯುವ ಪುಸ್ತಕ ಅದು.

ಇನ್ನೊಂದು ವಿಷಯ ಹೇಳಲೇಬೇಕು, ನನ್ನ ಸ್ನೇಹಿತನಿಗೆ ಮುಟ್ಟಲಿ ಅಂತಲೇ. 1975ರಲ್ಲಿ ವೋಲ್ಟರ್‌ಸ್ಟಾರ್ಫ್ ದಕ್ಷಿಣ ಆಫ್ರಿಕಾಕ್ಕೆ ಒಂದು ಸಮ್ಮೇಳನಕ್ಕೆ ಹೋಗಿದ್ದರು. ವರ್ಣಭೇದದ ಕಾಲ. ಅಲ್ಲಿ ಕಪ್ಪು ಜನ ಎದ್ದು ನಿಂತು ತಮಗಾಗುತ್ತಿರುವ ಅವಮಾನ ಹೇಳಿಕೊಂಡು ನ್ಯಾಯ ಕೇಳಿದರು. ಬಿಳಿಯರಲ್ಲಿ ಕೆಲವರು ತಾವೆಷ್ಟು ದಯಾಳುಗಳು ಅಂತ ಹೇಳಿದರು, ಮಕ್ಕಳಿಗೆ ಚಿಕ್ಕದಾದ ಬಟ್ಟೆಗಳನ್ನು ಕೆಲಸದವರ ಮಕ್ಕಳಿಗೆ ಕೊಡುತ್ತೇವೆ ಅಂದರು. ಒಳ್ಳೆಯತನವನ್ನು ಮುಂದಿಟ್ಟು ನ್ಯಾಯವನ್ನು ಹೇಗೆ ಮುಚ್ಚಿಡುತ್ತಾರೆ ಅನ್ನುವುದು ವೋಲ್ಟರ್‌ಸ್ಟಾರ್ಫ್‌ಗೆ ಅಲ್ಲಿ ಕಾಣಿಸಿತು. ಮುಂದೆ ನ್ಯಾಯದ ಬಗ್ಗೆ ತುಂಬಾ ಬರೆದರು.

ಆ ಜನರ ನೋವಿನ ಮುಂದೆ ಶನಿವಾರದ್ದು ಏನೂ ಅಲ್ಲ, ಗೊತ್ತು. ಆದರೂ ಪ್ರತಿ ಸಲ ಆ ಸಮ್ಮೇಳನದ ಕತೆ ನೆನೆದಾಗ ನನಗೆ ಕಾಣುವುದು ನನ್ನ ಸ್ನೇಹಿತನ ನಗು. ಅವನು ಅತ್ತೆಗೆ ದಯೆ ತೋರಿಸಿದ, ತಿಳಿಸಿಕೊಟ್ಟ. ಅವರು ಕೇಳಿದ್ದನ್ನು ಮಾತ್ರ ಕೇಳಿಸಿಕೊಳ್ಳಲಿಲ್ಲ. ಆ ಕೋಣೆಯಲ್ಲಿ ಕೌದಿ ಬಗ್ಗೆ ಅವರಷ್ಟು ಗೊತ್ತಿದ್ದವರು ಹೊಲಿದವಳನ್ನು ಬಿಟ್ಟರೆ ಯಾರಿದ್ದರು?

ಇದನ್ನೆಲ್ಲ ಅವನಿಗೆ ಬರೆದು ಕಳಿಸಿದೆ. "ಬಂದವರೆಲ್ಲ ಮುಟ್ಟಿದರೆ ಬಟ್ಟೆ ಉಳಿಯುತ್ತಾ?" ಅಂತ ಕೇಳಿದ್ದಾನೆ. ನ್ಯಾಯವಾದ ಮಾತೇ. ವೋಲ್ಟರ್‌ಸ್ಟಾರ್ಫ್ ಕೂಡ ಮ್ಯೂಸಿಯಂ ಮುಚ್ಚಿ ಅಂದವರಲ್ಲ, ನೋಡುವುದೂ ಒಂದು ಬಳಕೆ, ಅದೊಂದೇ ಅಲ್ಲ ಅನ್ನುತ್ತಾರೆ. ಮುಟ್ಟಬೇಡಿ ಅನ್ನಲಿ, ನಾವು ಮುಟ್ಟುವುದಿಲ್ಲ. ಆದರೆ ಹೊದೆಯೋಕಲ್ಲ ಅಂತ ಅವನಿಗೆ ಹೇಳಿದವರು ಯಾರು? ಆ ತಾಯಿಯನ್ನು ಕೇಳಿದ್ದನಾ? ಈ ಭಾನುವಾರ ಊಟಕ್ಕೆ ಬರುತ್ತಾನೆ, ಅತ್ತೆಯ ಪಕ್ಕದಲ್ಲೇ ಕೂರಿಸುತ್ತೇನೆ.