ಮೊಲದ ಹಿಕ್ಕೆಗೆ ಎರೆಹುಳು: ಉಚ್ಚೆಯ ಲೆಕ್ಕ ತಪ್ಪಿದರೆ ಹುಳು ಉಳಿಯಲ್ಲ

ಎರೆಗೊಬ್ಬರದ ಕೆಲಸದಲ್ಲಿರುವವರಿಗೆ ಮೊಲದ ಹಿಕ್ಕೆ ಅಂದರೆ ಖುಷಿ. ಒಣಗಿರುತ್ತದೆ, ನಾತ ಕಡಿಮೆ, ಕೋಳಿ ಗೊಬ್ಬರದ ಹಾಗೆ ಸುಡುವುದಿಲ್ಲ. ಒಂದು ರಾತ್ರಿ ನೀರಲ್ಲಿ ನೆನೆಸಿ ತೆಳುವಾಗಿ ಹರಡಿದರೆ ಸಾಕು, ಹುಳು ಹತ್ತಿಕೊಳ್ಳುತ್ತವೆ. ಆದರೂ ಮನೆಯಲ್ಲಿ ಮೊಲ ಸಾಕಿದವರು ಟಬ್ ಶುರುಮಾಡಿದ ವಾರಕ್ಕೇ "ಹುಳು ಎಲ್ಲ ಮುಚ್ಚಳಕ್ಕೆ ಹತ್ತಿಬಿಟ್ಟಿವೆ" ಎಂದು ಕೇಳಿಕೊಂಡು ಬರುತ್ತಾರೆ. ಬಿಚ್ಚಿ ನೋಡಿದರೆ ಸಾಮಾನ್ಯವಾಗಿ ಒಳಗಿರುವುದು ಮೊಲದ ಗೂಡಿನ ಟ್ರೇಯಿಂದ ಹಾಗೇ ಸುರಿದ, ಉಚ್ಚೆಯಲ್ಲಿ ತೊಯ್ದ ಹಾಸು.

ಮೊಲದ ಉಚ್ಚೆ ಒಣಗಿದ ಮೇಲೆ ಟ್ರೇ ಮೂಲೆಯಲ್ಲಿ ಸುಣ್ಣ ಬಳಿದ ಹಾಗೆ ಬಿಳಿ ಹೆಪ್ಪು ಕಟ್ಟುತ್ತದಲ್ಲ, ಅದು ಕ್ಯಾಲ್ಸಿಯಂ. ಈ ಉಚ್ಚೆ ಕ್ಷಾರದ್ದು. ಅದರ ಯೂರಿಯಾ ಒಡೆದಾಗ ಬರುವ ಅಮೋನಿಯಾ, ಕ್ಷಾರ ಜಾಸ್ತಿಯಾದಷ್ಟೂ ಅನಿಲವಾಗಿ ಏಳುತ್ತದೆ. ಚರ್ಮದಲ್ಲೇ ಉಸಿರಾಡುವ ಎರೆಹುಳು ಅದನ್ನು ತಡೆಯುವುದಿಲ್ಲ. ಜೊತೆಗೆ ಉಪ್ಪಿನ ಕಾಟ ಬೇರೆ. ಇಲ್ಲೇ ಬಹಳ ಜನ ಎರಡನೇ ತಪ್ಪು ಮಾಡುವುದು: ನಾತ ಬಂತೆಂದು ಸುಣ್ಣ ಅಥವಾ ಬೂದಿ ಎರಚುತ್ತಾರೆ. ತರಕಾರಿ ಸಿಪ್ಪೆ ಹುಳಿ ಹಿಡಿದಾಗ ಅದು ಸರಿ. ಮೊಲದ ಟಬ್ಬಿಗೆ ಹಾಕಿದರೆ ಕ್ಷಾರ ಇನ್ನೂ ಏರಿ ಅಮೋನಿಯಾ ಇನ್ನಷ್ಟು ಏಳುತ್ತದೆ.

ಹಾಗಾಗಿ ಕೆಲಸ ಶುರುವಾಗುವುದು ಟ್ರೇ ಹತ್ತಿರ. ಎರಡು ಬಕೆಟ್ ಇಡಿ. ಮೇಲಿನ ಒಣ ಹಿಕ್ಕೆ, ಮೊಲ ತಿನ್ನದೆ ಬಿಟ್ಟ ಹುಲ್ಲು ಒಂದಕ್ಕೆ. ಕೆಳಗಿನ ಒದ್ದೆ ಹಾಸು ಇನ್ನೊಂದಕ್ಕೆ. ಒದ್ದೆಯದನ್ನು ಮೂರು ಪಾಲು ತರಗೆಲೆ ಅಥವಾ ಹರಿದ ರಟ್ಟಿನ ಜೊತೆ ಕಲಸಿ, ಮಳೆ ತಾಗದ ಕಡೆ ಗುಡ್ಡೆ ಹಾಕಿ, ನಾಲ್ಕು ದಿನಕ್ಕೊಮ್ಮೆ ತಿರುವಿ. 15ರಿಂದ 20 ದಿನದಲ್ಲಿ ಕಾವು ಇಳಿದು ಮೂಗಿಗೆ ಚುಚ್ಚುವ ನಾತ ಹೋಗಿರುತ್ತದೆ. ಆಗಲೂ ನೇರ ಹಾಕಬೇಡಿ. ಒಂದು ಲೋಟದಲ್ಲಿ ಎರಡು ಹಿಡಿ ಹಾಕಿ ಹತ್ತು ಹುಳು ಬಿಟ್ಟು, ತೂತು ಮಾಡಿದ ಕಾಗದ ಕಟ್ಟಿ, ಒಂದು ದಿನ ಕಾಯಿರಿ. ಹುಳು ಒಳಗಿಳಿದಿದ್ದರೆ ಸರಿ. ಲೋಟದ ಅಂಚಿಗೆ ಅಂಟಿಕೊಂಡು ಗಂಟು ಕಟ್ಟಿದ್ದರೆ ಇನ್ನೊಂದು ವಾರ ಬಿಡಿ. ಮೀಟರ್ ಗೀಟರ್ ಏನೂ ಬೇಡ, ಈ ಲೋಟ ಸಾಕು.

ಹಾಸು ಯಾವುದು ಎನ್ನುವುದೂ ಮುಖ್ಯ. ನ್ಯೂಸ್‌ಪೇಪರ್, ರಟ್ಟು, ಭತ್ತದ ಹುಲ್ಲು ಒಳ್ಳೆಯದು. ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಆದರೆ ಎರಡು ಸಲ ನೀರಲ್ಲಿ ತೊಳೆದು ಉಪ್ಪು ಬಿಡಿಸಬೇಕು. ಮರದ ಹೊಟ್ಟು ಎರಡು ತಿಂಗಳಾದರೂ ಹಾಗೇ ಉಳಿಯುತ್ತದೆ. ಕರಗದ ಹೊಟ್ಟಿರುವ ಗೊಬ್ಬರ ಗಿಡದ ಸಾರಜನಕವನ್ನೇ ಎಳೆದುಕೊಂಡು ಎಲೆ ಹಳದಿ ಮಾಡುತ್ತದೆ. ಪ್ಲೈವುಡ್ ಪುಡಿ, ಎಣ್ಣೆ ವಾಸನೆ ಬರುವ ಪೈನ್, ನೀಲಗಿರಿ ಹೊಟ್ಟು ಬೇಡವೇ ಬೇಡ. ಬೆಕ್ಕಿನ ಟ್ರೇಗೆ ಹಾಕುವ ಜೇಡಿಯ ಹರಳು ನೆಂದರೆ ಮುದ್ದೆಯಾಗಿ ಹುಳುವಿನ ದಾರಿಯನ್ನೇ ಮುಚ್ಚುತ್ತದೆ. ಹುಲ್ಲನ್ನು ಎರಡಿಂಚಿಗೆ ಕತ್ತರಿಸಿ. ಉದ್ದ ಬಿಟ್ಟರೆ ಕೊನೆಗೆ ಜರಡಿ ಹಿಡಿಯುವಾಗ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ.

ಎರಡು ಮೊಲವಿರುವ ಮನೆಗೆ 60 ಲೀಟರ್ ಟಬ್ ಸಾಕು. ತಳಕ್ಕೆ 6 ಮಿ.ಮೀ. ತೂತು ಇಪ್ಪತ್ತು, ಮೇಲೆ ಸೊಳ್ಳೆ ಪರದೆ ತುಂಡು, ಐದು ಸೆಂ.ಮೀ. ನೆನೆಸಿದ ಕೊಕೊಪೀಟ್, ಎರಡು ಹಿಡಿ ಹಳೇ ಸಗಣಿ ಗೊಬ್ಬರ. ಹುಳು ಅರ್ಧ ಕೆ.ಜಿ. ಐಸೀನಿಯಾ ಫೆಟಿಡಾ ಎನ್ನುವ ಜಾತಿಯನ್ನೇ ಕೇಳಿ ತನ್ನಿ. ಯೂಡ್ರಿಲಸ್ ಎನ್ನುವ ಇನ್ನೊಂದು ಜಾತಿ ದಪ್ಪಗೆ, ಬೇಗ ತಿನ್ನುತ್ತದೆ ನಿಜ, ಆದರೆ ಸ್ವಲ್ಪ ಏರುಪೇರಾದರೂ ಓಡಿಹೋಗುತ್ತದೆ. ಚೆನ್ನಾಗಿ ಹೊಂದಿಕೊಂಡ ಮೇಲೆ ಅರ್ಧ ಕೆ.ಜಿ. ಹುಳು ದಿನಕ್ಕೆ ಕಾಲು ಕೆ.ಜಿ. ತಿನ್ನಬಲ್ಲವು. ಮೊದಲ ತಿಂಗಳು ಅದರ ಅರ್ಧ ಮಾತ್ರ ಕೊಡಿ. ಪದರ ಮೂರು ಸೆಂ.ಮೀ. ದಾಟಬಾರದು, ಅದೂ ಟಬ್ಬಿನ ಒಂದೇ ಬದಿಗೆ. ಏನಾದರೂ ಕೆಟ್ಟರೆ ಹುಳು ಇನ್ನೊಂದು ಬದಿಗೆ ಸರಿಯಲು ಜಾಗವಿರುತ್ತದೆ. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ ಇರಲಿ. ಒಣ ಹಿಕ್ಕೆ ಹೊರಗೆ ಒದ್ದೆಯಾಗಿ ಕಂಡರೂ ಒಳಗೆ ಪುಡಿಪುಡಿ ಇರುತ್ತದೆ. ಒಂದನ್ನು ಬೆರಳಲ್ಲಿ ಒಡೆದು ನೋಡಿ. ಮಾರ್ಚ್–ಏಪ್ರಿಲ್ ಬಿಸಿಲಿಗೆ ಮೇಲೆ ಒದ್ದೆ ಗೋಣಿಚೀಲ. 35 ಡಿಗ್ರಿ ದಾಟಿದರೆ ಹುಳು ಉಳಿಯುವುದು ಕಷ್ಟ. ಇರುವೆಗೆ ಟಬ್ಬನ್ನು ಸ್ಟ್ಯಾಂಡಿನ ಮೇಲಿಟ್ಟು, ಕಾಲುಗಳಿಗೆ ನೀರಿನ ಬಟ್ಟಲು ಇಡಿ.

ಇನ್ನೊಂದು, ಯಾರೂ ಕೇಳದಿದ್ದರೂ ನಾವೇ ಕೇಳುವುದು: ಮೊಲಕ್ಕೆ ಕಜ್ಜಿ ಹುಳಕ್ಕೆ ಐವರ್ಮೆಕ್ಟಿನ್ ಚುಚ್ಚಿಸಿದ್ದೀರಾ, ಹೊಟ್ಟೆಹುಳಕ್ಕೆ ಫೆನ್‌ಬೆಂಡಜೋಲ್ ಕೊಟ್ಟಿದ್ದೀರಾ? ಐವರ್ಮೆಕ್ಟಿನ್ ಹಿಕ್ಕೆಯಲ್ಲೇ ಹೊರಬರುತ್ತದೆ. ಫೆನ್‌ಬೆಂಡಜೋಲ್ ಜಾತಿಯ ಔಷಧಿಗಳೂ ಎರೆಹುಳುವಿಗೆ ಆಗುವುದಿಲ್ಲ. ಚಿಕಿತ್ಸೆಯ ಸಮಯದ ಹಿಕ್ಕೆ ಟಬ್ಬಿಗೆ ಬೇಡ, ಬೇರೆ ಗುಂಡಿಗೆ ಹಾಕಿ. ಟ್ರೇಯನ್ನು ಫಿನಾಯಿಲಿನಲ್ಲಿ ತೊಳೆಯುವುದೂ ನಿಲ್ಲಿಸಿ. ಆ ಬಿಳಿ ಹೆಪ್ಪು ವಿನೆಗರ್ ಸುರಿದರೆ ಬಿಡುತ್ತದೆ.

60ರಿಂದ 75 ದಿನಕ್ಕೆ ಗೊಬ್ಬರ ಕಪ್ಪಾಗಿ, ಚಹಾ ಪುಡಿಯ ಹಾಗೆ ಉದುರುತ್ತದೆ. ಐದು ದಿನ ನೀರು ನಿಲ್ಲಿಸಿ, ಬೆಳಕಿನಲ್ಲಿ ಗೋಪುರದ ಹಾಗೆ ಗುಡ್ಡೆ ಮಾಡಿದರೆ ಹುಳು ಕೆಳಗಿಳಿಯುತ್ತವೆ. ಮೇಲಿಂದ ತೆಗೆದು 3 ಮಿ.ಮೀ. ಜರಡಿ ಹಿಡಿಯಿರಿ. ಕುಂಡಕ್ಕೆ ಹಾಕಿದ ವಾರಕ್ಕೆ ಹುಲ್ಲು ಮೊಳೆತರೆ ಗಾಬರಿ ಬೇಡ, ಟಬ್ ಬಿಸಿಯೇರದ ಕಾರಣ ಹುಲ್ಲಿನ ಬೀಜ ಸಾಯುವುದಿಲ್ಲ. ಅದೇ ಕಾರಣಕ್ಕೆ ಮೊಲಕ್ಕೆ ರೋಗ ತರುವ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರಾವಲಂಬಿಯ ಮೊಟ್ಟೆಗಳೂ ಉಳಿದಿರಬಹುದು. ಆ ಹುಲ್ಲನ್ನು ಕಿತ್ತು ಮೊಲಕ್ಕೇ ಹಾಕಬೇಡಿ. ಮೊಲಕ್ಕೆಂದು ಬೆಳೆಯುವ ಕೊತ್ತಂಬರಿ ಕುಂಡಕ್ಕೂ ಈ ಗೊಬ್ಬರ ಬೇಡ, ದಾಸವಾಳಕ್ಕೋ ನಿಂಬೆ ಗಿಡಕ್ಕೋ ಹಾಕಿ.